ಗುಡ್ರುನ್‌ಳ ಮಂಡಿ ಮತ್ತು ಹತ್ತೊಂಬತ್ತು ಮೆಟ್ಟಿಲು

ಮಂಡಿನೋವಿಲ್ಲದ ಮನೆ ನಮ್ಮ ಊರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಲಿಮ್‌ಫಿಯೋರ್ಡ್ ಎಂಬ ಕಡಲ ಕವಲಿನ ದಂಡೆಯಲ್ಲಿ ಅರವತ್ತು ದಾಟಿದ ಇಬ್ಬರು ಎದುರಾದರೆ ಮೊದಲು ಗಾಳಿಯ ಮಾತು, ಆಮೇಲೆ ಮಂಡಿಯ ಮಾತು. ನಾನು ಬೋದಿಲ್. ಇಲ್ಲಿನ ಚರ್ಚಿನಲ್ಲಿ ಗಂಟೆ ಬಾರಿಸುವುದು, ಕಸ ಗುಡಿಸುವುದು ನನ್ನ ಕೆಲಸ. ಈಗ ಹೇಳುತ್ತಿರುವುದು ಪಕ್ಕದ ಮನೆಯ ಗುಡ್ರುನ್‌ಳ ವಿಷಯ. ನಾಲ್ಕು ಜನಕ್ಕೆ ಹೇಳು ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಗುಡ್ರುನ್ ಮೂವತ್ತೊಂದು ವರ್ಷದಿಂದ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಆರ್ಗನ್ ಇರುವುದು ಮೇಲಿನ ಅಟ್ಟದಲ್ಲಿ. ಹತ್ತೊಂಬತ್ತು ಕಡಿದಾದ ಮೆಟ್ಟಿಲು ಹತ್ತಬೇಕು. ಹತ್ತಿದ ಮೇಲೂ ಕಾಲಿಗೆ ಬಿಡುವಿಲ್ಲ. ಆರ್ಗನ್ನಿನ ದಪ್ಪ ಸ್ವರಗಳನ್ನೆಲ್ಲ ಕಾಲಿನಿಂದಲೇ ಪೆಡಲು ಒತ್ತಿ ನುಡಿಸಬೇಕು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಬಲಮಂಡಿ ಮಾತು ಕೇಳದಂತಾಯಿತು. ವೈದ್ಯರು ಪರೀಕ್ಷೆ ಮಾಡಿ, ಕೀಲು ಸವೆದು ಬರುವ ಸಂಧಿವಾತ ಎಂದರು. ಫಿಸಿಯೋಥೆರಪಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿ ಅಲ್ಲೇ ಉಳಿಯಿತು.

ಉಳಿಯಲು ಕಾರಣ ಅವಳ ಗಂಡ ಐನರ್. ಅವನು ಕೆಟ್ಟವನಲ್ಲ, ಹೆಂಡತಿಯೆಂದರೆ ಜೀವ. ಮಹಡಿಯ ಮಂಚವನ್ನು ಕೆಳಗೆ ತಂದು ಹಾಕಿದ. ಅಂಗಡಿಗೆ ತಾನೇ ಹೋಗತೊಡಗಿದ. ಅವಳು ಕಾಫಿಗೆಂದು ಏಳುವ ಮೊದಲೇ ಕಾಫಿ ತಂದು ಮುಂದಿಡುತ್ತಿದ್ದ. ಇದರಿಂದ ಅವಳ ತೊಡೆಗಳು ಇನ್ನಷ್ಟು ಸೊರಗಿದವು, ನೋವು ಇನ್ನಷ್ಟು ಹೆಚ್ಚಿತು. ಸೆಪ್ಟೆಂಬರಿನಲ್ಲಿ ಒಂದು ದಿನ ನಾನು ಹೋದಾಗ ಮೇಜಿನ ಮೇಲೊಂದು ಕಾಗದ ಇತ್ತು.

"ಕ್ರಿಸ್‌ಮಸ್ ಆದ್ಮೇಲೆ ಆರ್ಗನ್ ಬಿಟ್ಬಿಡ್ತೀನಿ ಅಂತ ಬರ್ದಿದೀನಿ ಕಣೇ" ಎಂದಳು ಗುಡ್ರುನ್. ಮುಖ ಎತ್ತಲಿಲ್ಲ.

"ಹುಚ್ಚಾ ನಿಂಗೆ? ಎರಡು ವರ್ಷದ ಹಿಂದೆ ನನ್ನ ಸೊಂಟದ ಕೀಲು ಹೀಗೇ ಆಗಿತ್ತು. ಮಾಲ್ತೆ ಹತ್ರ ವ್ಯಾಯಾಮಕ್ಕೆ ಹೋದೆ. ಈಗ ನೋಡು, ಗಂಟೆ ಗೋಪುರ ಹತ್ತಿ ಇಳೀತೀನಿ!" ಎಂದೆ.

ಒಲೆಯ ಹತ್ತಿರದಿಂದ ಐನರ್ ತಿರುಗಿದ. ನಲವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು.

"ನೋಡು ಬೋದಿಲ್, ಬೇರಿಂಗ್ ಸವೆದ್ಮೇಲೆ ಗಾಡಿ ನಿಲ್ಲಿಸ್ಬೇಕು. ಇನ್ನೂ ಓಡ್ಸು ಅಂತ ಯಾವನಾದ್ರೂ ಹೇಳ್ತಾನಾ? ಇರೋದೂ ಪುಡಿ ಆಗತ್ತೆ."

"ಅವಳು ನಿನ್ನ ಟ್ರ್ಯಾಕ್ಟರ್ ಅಲ್ಲ ಮಾರಾಯ!"

ಗುಡ್ರುನ್‌ಗೆ ನಗು ಬಂತು. ಬಹಳ ದಿನದ ಮೇಲೆ ನಕ್ಕಳು. ನಾನು ಆ ಗಳಿಗೆ ಬಿಡಲಿಲ್ಲ. ಫ್ರಿಜ್ಜಿನ ಮೇಲಿನ ಚೀಟಿ ಕಿತ್ತುಕೊಂಡು ಅಲ್ಲಿಂದಲೇ ಮಾಲ್ತೆಗೆ ಫೋನ್ ಮಾಡಿದೆ.

ಮಾಲ್ತೆ ನಮ್ಮೂರಿನ ಫಿಸಿಯೋಥೆರಪಿಸ್ಟ್. ವಾರಕ್ಕೆ ಎರಡು ದಿನ, ಎಂಟು ವಾರ, ಏಳೆಂಟು ಜನ ಒಟ್ಟಿಗೆ ಮಾಡುವ ವ್ಯಾಯಾಮ. ಕುರ್ಚಿಯಿಂದ ಎದ್ದು ಕೂರುವುದು, ಸಣ್ಣ ಮಣೆಯ ಮೇಲೆ ಹತ್ತಿ ಇಳಿಯುವುದು, ಮಂಡಿ ಒಳಕ್ಕೆ ವಾಲದಂತೆ ಪಾದದ ನೇರಕ್ಕೇ ಇಟ್ಟುಕೊಳ್ಳುವುದು. ದೊಡ್ಡ ಯಂತ್ರಗಳಿಲ್ಲ, ಚಮತ್ಕಾರವಿಲ್ಲ. ಮೊದಲ ದಿನ ಗುಡ್ರುನ್ ಕುರ್ಚಿಯಿಂದ ಕೈ ಊರದೆ ನಾಲ್ಕೇ ಸಲ ಎದ್ದಳು.

ಮೂರನೆಯ ವಾರ ಅವಳಿಗೆ ಹುರುಪು ಹೆಚ್ಚಾಯಿತು. ಹೇಳಿದ್ದಕ್ಕಿಂತ ಎರಡರಷ್ಟು ಮಾಡಿಬಿಟ್ಟಳು. ಮರುದಿನ ಮಂಡಿ ಬಿಗಿದು ಹಾಸಿಗೆಯಿಂದ ಏಳುವುದೇ ಕಷ್ಟವಾಯಿತು. ಮುಂದಿನ ತರಗತಿಗೆ ಅವಳ ಜೊತೆ ಐನರ್ ಕೂಡ ಬಂದ. ಮುಖ ಕೆಂಪಾಗಿತ್ತು.

"ನೋಡಪ್ಪಾ ಹುಡುಗ, ನನ್ನ ಹೆಂಡ್ತಿನ ಕೊಲ್ತಿದೀಯ ನೀನು! ಸವೆದ ಬೇರಿಂಗ್ ಇಟ್ಕೊಂಡು ಯಾವನಾದ್ರೂ ಗಾಡಿ ಓಡಿಸ್ತಾನಾ?"

ಮಾಲ್ತೆ ಸಿಟ್ಟಾಗಲಿಲ್ಲ. ಮೊದಲು ಗುಡ್ರುನ್‌ಳ ಮಂಡಿ ಮುಟ್ಟಿ, ಬಿಸಿಯಾಗಿದೆಯೇ, ಊದಿದೆಯೇ ಎಂದು ನೋಡಿದ. ಆಮೇಲೆ ಕೇಳಿದ, "ಹತ್ತಕ್ಕೆ ಎಷ್ಟು ನೋವಿತ್ತು ಅಕ್ಕಾ?"

"ಏಳು ಇರ್ಬೋದು. ಇವತ್ತು ಮೂರು."

"ಹಾಗಾದ್ರೆ ಮಂಡಿ ಹಾಳಾಗಿಲ್ಲ, ಲೆಕ್ಕ ಮೀರಿದೆ ಅಷ್ಟೇ. ಐದರ ಒಳಗಿನ ನೋವಿಗೆ ಹೆದರ್ಬೇಡಿ. ಮರುದಿನದ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳೀಬೇಕು. ಇಳೀಲಿಲ್ವಾ, ಸ್ವಲ್ಪ ಕಮ್ಮಿ ಮಾಡಿ. ನಿಲ್ಲಿಸ್ಬೇಡಿ." ಆಮೇಲೆ ಐನರ್‌ನ ಕಡೆ ತಿರುಗಿದ. "ಬೇರಿಂಗ್‌ಗೆ ಜೀವ ಇಲ್ಲ, ಮಂಡಿಗೆ ಇದೆ. ಎಲುಬಿನ ಮೇಲಿನ ಮೆತ್ತೆ ಸ್ಪಂಜಿದ್ದ ಹಾಗೆ. ಒತ್ತಿ ಬಿಟ್ಟು ಮಾಡಿದ್ರೇನೇ ಅದಕ್ಕೆ ಆಹಾರ ಸಿಗೋದು. ತೊಡೆ ಗಟ್ಟಿಯಾದ್ರೆ ಭಾರ ಅದು ಹೊರತ್ತೆ, ಮಂಡಿಗೆ ಹಗುರ. ನೀವೂ ಕೂತ್ಕೊಳಿ. ಕೈ ಕಟ್ಟಿ ಹತ್ತು ಸಲ ಎದ್ದು ತೋರ್ಸಿ ನೋಡೋಣ."

ಐನರ್ ಮೀಸೆ ತಿರುವಿಕೊಂಡು ಕೂತ. ಏಳನೆಯ ಸಲಕ್ಕೆ ಏಳಲಾಗದೆ ಹಿಂದಕ್ಕೆ ಕುಸಿದ.

"ಏನ್ರೀ, ನಿಮ್ ಬೇರಿಂಗೂ ಹೋಯ್ತಾ?" ಎಂದಳು ಗುಡ್ರುನ್. ಕೋಣೆಯೆಲ್ಲ ನಕ್ಕಿತು. ಕೊನೆಗೆ ಅವನೂ ನಕ್ಕ.

ಮರುದಿನ ಅವನ ಶೆಡ್ಡಿನಿಂದ ಗರಗಸದ ಸದ್ದು ಕೇಳಿಸಿತು. ಅಟ್ಟದ ಮೆಟ್ಟಿಲಿನ ಎತ್ತರ ಅಳೆದು ಬಂದು, ಅಷ್ಟೇ ಎತ್ತರದ ಓಕ್ ಮರದ ಮಣೆಯೊಂದನ್ನು ಹೆಂಡತಿಗೆ ಮಾಡಿಕೊಟ್ಟ. ಬೆಳಿಗ್ಗೆ ಅವಳು ಹತ್ತಿ ಇಳಿಯುವಾಗ ಪಕ್ಕದಲ್ಲಿ ತಾನು ಕುರ್ಚಿಯಿಂದ ಎದ್ದು ಕೂರುತ್ತಿದ್ದ. ಕಾಫಿ ತಂದುಕೊಡುವುದನ್ನು ನಿಲ್ಲಿಸಿದ. "ನೀನೇ ಎದ್ದು ತಗೋ, ನಂಗೂ ಒಂದು ತಾ" ಎನ್ನುತ್ತಿದ್ದನಂತೆ. ಹಾಗೆ ಹೇಳಿದ ಮೇಲೂ ತಾನೇ ಏಳಲು ಹೊರಟು ಮತ್ತೆ ಕೂರುತ್ತಿದ್ದೆ ಎಂದು ನನ್ನ ಹತ್ತಿರ ಮಾತ್ರ ಒಪ್ಪಿಕೊಂಡ.

ಎಂಟನೆಯ ವಾರ ಅವಳು ಕುರ್ಚಿಯಿಂದ ಕೈ ಊರದೆ ಹದಿಮೂರು ಸಲ ಎದ್ದಳು. ಮೇಜಿನ ಮೇಲಿನ ಕಾಗದ ಹರಿದು ಒಲೆಗೆ ಹೋಯಿತು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು. ಗುಡ್ರುನ್ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಎಲ್ಲೂ ನಿಲ್ಲದೆ ಹತ್ತಿದಳು. ಐನರ್ ಮುಂದಿನ ಸಾಲಿನಲ್ಲಿ ಕೂತಿದ್ದ. ಹಿಂತಿರುಗಿ ನೋಡಲಿಲ್ಲ, ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ. ಮೇಲಿನಿಂದ ಪೆಡಲಿನ ದಪ್ಪ ಸ್ವರ ಎದ್ದು ನೆಲದ ಹಲಗೆ ಅದುರಿದಾಗ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

ಸೋಮವಾರ ಐನರ್ ಹೊಗೆಯಲ್ಲಿ ಒಣಗಿಸಿದ ಹಾವುಮೀನನ್ನು ಪೇಪರಿನಲ್ಲಿ ಸುತ್ತಿಕೊಂಡು ಮಾಲ್ತೆ ಹತ್ತಿರ ಹೋದ. "ನಾನೇ ಅವಳನ್ನ ಕೂರಿಸಿ ಕೂರಿಸಿ ಕೆಡಿಸ್ತಿದ್ದೆ. ನೀನು ಎಬ್ಬಿಸ್ದೆ. ತಗೋಪ್ಪಾ" ಎಂದ. ಮಾಲ್ತೆ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ನೋವು ಪೂರ್ತಿ ಹೋಗಿಲ್ಲ. ಚಳಿ ಹೆಚ್ಚಾದ ದಿನ ಈಗಲೂ ಬರುತ್ತದೆ. ಆದರೆ ಗುಡ್ರುನ್ ವ್ಯಾಯಾಮ ಬಿಟ್ಟಿಲ್ಲ. ಬಿಟ್ಟರೆ ಬಲವೂ ಬಿಡುತ್ತದೆಂದು ಅವಳಿಗೆ ಗೊತ್ತು. ನಮ್ಮೂರಿನಲ್ಲಿ ಮದುವೆಗೆ, ಸಾವಿಗೆ ಸಂಗೀತ ಇನ್ನೂ ಇದೆ. ಇದಕ್ಕಾಗಿ ನಾವು ಯಾರಿಗೆಂದು ಕೃತಜ್ಞತೆ ಹೇಳೋಣ? ಚೀಟಿ ಬರೆದ ವೈದ್ಯರಿಗೆ, ಆ ಹುಡುಗನಿಗೆ, ಮಣೆ ಮಾಡಿದ ಗಂಡನಿಗೆ, ಎಲ್ಲರಿಗೂ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೀಲು ನೋವಿದ್ದರೆ ಮೂಲೆಯಲ್ಲಿ ಕೂತುಬಿಡಬೇಡಿ. ಕೀಲು ಕೆಂಪಾಗಿ ಬಿಸಿಯಾಗಿದ್ದರೆ, ಒಮ್ಮೆಲೇ ಊದಿದರೆ, ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ವೈದ್ಯರನ್ನು ಕಾಣಿ. ಇಲ್ಲವಾದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ನಿಮಗೆ ಹೊಂದುವ ವ್ಯಾಯಾಮ ಕಲಿಯಿರಿ, ಮನೆಯಲ್ಲಿ ಬಿಡದೆ ಮಾಡಿ. "ಅಲ್ಲಾಡಬೇಡ, ಕೂತಿರು" ಎಂದು ಪ್ರೀತಿಯಿಂದ ಗದರುವವರು ಮನೆಯಲ್ಲಿದ್ದರೆ, ಅವರನ್ನೂ ಕೈಹಿಡಿದು ಕರೆದುಕೊಂಡು ಹೋಗಿ.