ಮೀನಿನ ಉಪವಾಸ

ಗಾಂಧಿ ಬಜಾರಿನ ಜವಳಿ ವ್ಯಾಪಾರಿ ಮುರುಗೇಶಪ್ಪನವರು ಹುಟ್ಟಿದಾಗಿನಿಂದ ಮೀನು ಮಾರುವ ಕಡೆ ಕಾಲಿಟ್ಟವರಲ್ಲ. ೧೯೫೮ರ ಒಂದು ಭಾನುವಾರ ಬೆಳಿಗ್ಗೆ ಅವರು ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಅಲ್ಲಿಗೆ ಹೊರಟಿದ್ದಕ್ಕೆ ಕಾರಣ ಹೆಂಡತಿ ಮಹಾಂತಮ್ಮ.

ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ಮಹಾಂತಮ್ಮ ಹಾಸಿಗೆ ಹಿಡಿದಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಅವರ ತಮ್ಮ ಜಂಬಣ್ಣ, ಅಕ್ಕನಿಗೆ ಹೊತ್ತು ಹೋಗಲೆಂದು ಗಾಜಿನ ಜಾಡಿಯಲ್ಲಿ ಒಂದು ಕೆಂಪು ಮೀನು ತಂದುಕೊಟ್ಟಿದ್ದ. ವರ್ಗವಾಗಿ ಹೋದ ಸಾಹೇಬರೊಬ್ಬರು ಬಿಟ್ಟುಹೋದದ್ದಂತೆ. “ನಮ್ಮನೇಲಿ ಮೀನಾ?” ಎಂದು ಮುಖ ಸಿಂಡರಿಸಿದ ಮುರುಗೇಶಪ್ಪನವರೇ ವಾರ ಕಳೆಯುವುದರೊಳಗೆ ದಿನವೂ ಅದಕ್ಕೆ ಮಂಡಕ್ಕಿ ಹಾಕತೊಡಗಿದರು. ಅದು ಮೇಲೆ ಬಂದು ಗುಳುಕ್ಕನೆ ನುಂಗುವಾಗ ಮಹಾಂತಮ್ಮ ನಗುತ್ತಿದ್ದರು. ಆ ನಗು ನೋಡಲೆಂದೇ ಇವರು ಇನ್ನಷ್ಟು ಹಾಕುತ್ತಿದ್ದರು.

ಶನಿವಾರ ಮೀನು ಮಗುಚಿಕೊಂಡಿತು. ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬಾಲ ಬಡಿದು ಬಡಿದು ನಾಲ್ಕು ಬೆರಳು ಕೆಳಗಿಳಿದರೂ ಮರುಕ್ಷಣ ಬೆಂಡಿನಂತೆ ಮೇಲಕ್ಕೇ ಬರುತ್ತಿತ್ತು.

“ಇನ್ನೂ ಜೀವ ಇದೆ ರೀ. ಯಾರನ್ನಾದ್ರೂ ಕೇಳ್ಬಾರ್ದಾ?”

“ಮೀನಿಗೆ ಡಾಕ್ಟ್ರನ್ನ ಎಲ್ಲಿಂದ ತರ್ಲಿ ಮಾರಾಯ್ತಿ?” ಎಂದರು ಇವರು. ಆ ದಿನ ಮಹಾಂತಮ್ಮ ಊಟ ಮುಟ್ಟಲಿಲ್ಲ.

ಭಾನುವಾರ ಅವರು ಹೋದಾಗ ತುಂಗೆಯ ದಡದಲ್ಲಿ ಮೀನು ಮಾರುವ ಯಲ್ಲಮ್ಮ ಮೀನು ಹೆಚ್ಚುತ್ತ ಕೂತಿದ್ದಳು. ಹಬ್ಬಕ್ಕೆ ಸೀರೆ ಕೊಳ್ಳಲು ಅಂಗಡಿಗೆ ಬರುವವಳಾದ್ದರಿಂದ ಗುರುತಿತ್ತು.

“ಏನ್ ಸಾಹುಕಾರ್ರೆ, ದಾರಿ ತಪ್ಪಿದ್ರಾ?”

ಪಕ್ಕದಲ್ಲಿದ್ದ ಗಿರಾಕಿಗಳು ಕಿಸಕ್ಕನೆ ನಕ್ಕರು. ಮುರುಗೇಶಪ್ಪನವರ ಕಿವಿ ಬಿಸಿಯಾಯಿತು. ತಿರುಗಿ ಹೋಗಿಬಿಡೋಣ ಎನಿಸಿದರೂ ನಿಂತು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದರು.

ಯಲ್ಲಮ್ಮ ನಗಲಿಲ್ಲ. ಆಗಷ್ಟೇ ಸೀಳಿದ ಮೀನಿನ ಒಳಗಿಂದ ಬಿಳಿಯದೊಂದು ಚೀಲ ತೆಗೆದಳು. ಎರಡು ಪುಟ್ಟ ಸೋರೆಬುರುಡೆಗಳನ್ನು ಜೋಡಿಸಿದಂತಿತ್ತು. “ಇದು ಗಾಳಿ ಚೀಲ. ನೋಡಿ.” ಬಕೆಟ್ಟಿನ ನೀರೊಳಗೆ ಅದುಮಿ ಬಿಟ್ಟಳು, ಪುಟಿದು ಮೇಲೆ ಬಂತು. ಉಗುರಿನಿಂದ ಚುಚ್ಚಿದಳು. ಗಾಳಿ ಹೋದ ಚೀಲ ಮೆಲ್ಲಗೆ ತಳ ಸೇರಿತು.

“ಗಾಳಿ ಹೆಚ್ಚಾದ್ರೆ ತೇಲುತ್ತೆ, ಕಮ್ಮಿಯಾದ್ರೆ ಮುಳುಗುತ್ತೆ. ಹದವಾಗಿದ್ರೆ ರೆಕ್ಕೆ ಬಡೀದೆ ನೀರಿನ ಮಧ್ಯ ಸುಮ್ನೆ ನಿಂತಿರುತ್ತೆ. ಏನ್ ಹಾಕ್ತೀರಿ ತಿನ್ನಕ್ಕೆ?”

“ಮಂಡಕ್ಕಿ.”

“ಅಯ್ಯೋ ಸ್ವಾಮಿ! ತೇಲೋ ಮಂಡಕ್ಕಿ ಜೊತೆ ಗಾಳೀನೂ ನುಂಗಿದೆ. ಹೊಟ್ಟೆ ಉಬ್ಬಿ ಚೀಲಾನ ಒತ್ತಿರ್ಬೇಕು. ಮೂರು ದಿನ ಏನೂ ಹಾಕ್ಬೇಡಿ. ನೀರೂ ಗೇಣುದ್ದ ಇರ್ಲಿ, ಸಾಕು. ಬದುಕುತ್ತೆ ಅಂತ ಹೇಳಕ್ಕಾಗಲ್ಲ, ನೋಡೋಣ.”

ತಾವೇ ಮುದ್ದಿನಿಂದ ಹಾಕಿದ್ದೇ ಮುಳುವಾಯಿತೆಂದು ಅವರಿಗೆ ಸಂಕಟವಾಯಿತು. ಮನೆಗೆ ಬಂದವರು ಹೆಂಡತಿಯೆದುರು ಒಂದನ್ನೂ ಮುಚ್ಚಿಡಲಿಲ್ಲ.

“ನಾಳೆ ಸೋಮವಾರ. ನಮ್ಮ ಜೊತೆ ಅದೂ ಉಪವಾಸ ಇರ್ಲಿ ಬಿಡಿ,” ಎಂದರು ಮಹಾಂತಮ್ಮ.

ಸೋಮವಾರ ಮೀನು ಹಾಗೇ ಇತ್ತು. ಮಂಗಳವಾರ ಓರೆಯಾಗಿ ಈಜಿತು. ಅಷ್ಟರಲ್ಲಿ ಬಜಾರಿನಲ್ಲಿ ಸುದ್ದಿ ಹಬ್ಬಿತ್ತು. ಎದುರಂಗಡಿಯ ಪರಮೇಶ್ವರಪ್ಪನವರು ಬಂದು, “ಮೀನಿನ ಅಂಗಡೀಲಿ ಕಂಡ್ರಂತೆ?” ಎಂದು ಕೆಣಕಿದಾಗ, “ಹೌದು ಮಾರಾಯ, ನನಗೆ ಗೊತ್ತಿಲ್ಲದ್ದನ್ನ ಕೇಳಿ ತಿಳ್ಕೊಳ್ಳಕ್ಕೆ ಹೋಗಿದ್ದೆ,” ಎಂದು ಬಟ್ಟೆ ಅಳೆಯುವುದನ್ನು ಮುಂದುವರಿಸಿದರು.

ಬುಧವಾರ ಬೆಳಿಗ್ಗೆ ಮಹಾಂತಮ್ಮ ಕೂಗಿದ ಕೂಗಿಗೆ ಪೂಜೆ ಅರ್ಧಕ್ಕೆ ಬಿಟ್ಟು ಓಡಿಬಂದರು. ಮೀನು ನೆಟ್ಟಗಾಗಿ ನೀರಿನ ನಡುವೆ ನಿಂತಿತ್ತು.

“ಆಯಮ್ಮನ್ನ ಒಂದಿನ ಕರ್ಕೊಂಡು ಬನ್ನಿ,” ಎಂದರು ಮಹಾಂತಮ್ಮ.

ಮುಂದಿನ ವಾರ ಯಲ್ಲಮ್ಮ ಮಿಂದು, ಮಡಿ ಸೀರೆ ಉಟ್ಟು ಬಂದು ಹೊಸ್ತಿಲಾಚೆಯೇ ನಿಂತಳು. ಮಹಾಂತಮ್ಮ ಮಂಚದಿಂದಲೇ ಒಳಗೆ ಕರೆದು, ಪಕ್ಕದಲ್ಲೇ ಕೂರಿಸಿಕೊಂಡು ಕಾಫಿ ಕೊಡಿಸಿದರು. ಲೋಟ ಹಿಡಿದ ಯಲ್ಲಮ್ಮ ಜಾಡಿಯಿಂದ ಕಣ್ಣು ಕೀಳಲಿಲ್ಲ.

“ದಿನಾ ಬುಟ್ಟಿಗಟ್ಟಲೆ ಮೀನು ಮುಟ್ತೀನಿ ಅಮ್ಮಾರೆ,” ಎಂದಳು. “ಹಿಂಗೆ ಒಂದನ್ನ ಸುಮ್ನೆ ಕೂತು ನೋಡಿದ್ದೇ ಇಲ್ಲ.”