ಕಾಲುವೆಯ ನಡುವೆ ಡೌವೆ

ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಪತ್ರಿಕೆಯೊಂದಕ್ಕೆ ಡೌವೆ ಬಹಳ ವರ್ಷಗಳಿಂದ ರಾಜಕೀಯದ ಅಂಕಣ ಬರೆಯುತ್ತಿದ್ದ. ಆ ಶನಿವಾರ ಬೆಳಿಗ್ಗೆ ‘ಹೇಗ್‌ನಲ್ಲಿ ಮತ್ತೆ’ ಎಂದು ಬರೆದವನ ಕೈ ಅಲ್ಲೇ ನಿಂತುಹೋಯಿತು. ದೇಶದ ಸಂಸತ್ತಿರುವ ಆ ಊರಿನಲ್ಲಿ ಸರ್ಕಾರ ರಚನೆಯ ಮಾತುಕತೆ ಮತ್ತೆ ಮುರಿದಿತ್ತು. ಬ್ರಸೆಲ್ಸಿನಲ್ಲಿ ಮತ್ತೆ ಸಭೆ, ಅದೇ ಉದ್ದನೆಯ ಮೇಜು, ಅದೇ ಕೈಕುಲುಕಾಟ. ಯುದ್ಧ ನಿಲ್ಲುತ್ತದೆ ಎಂದಿದ್ದವರು ಈಗ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಒಂದು ಕಾಲಕ್ಕೆ ಇಂಥ ಸುದ್ದಿ ಓದಿ ಅವನ ರಕ್ತ ಕುದಿಯುತ್ತಿತ್ತು. ಈಗ ಆಕಳಿಕೆ ಬರುತ್ತಿತ್ತು. ಆಕಳಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಅಷ್ಟರಲ್ಲಿ ಅವನ ಅಕ್ಕ ಫ್ರೌಕ್ಯೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳನುಗ್ಗಿದಳು. ಹಸು ಸಾಕಿ ಬದುಕಿದ ಹೆಂಗಸು. ಬಾಗಿಲು ತಟ್ಟುವ ಅಭ್ಯಾಸ ಇರಲಿಲ್ಲ.

“ಏಳೋ ಡೌವೆ. ಇವತ್ತು ಕಾಲುವೆ ಹಾರೋ ಪಂದ್ಯ. ನಮ್ಮ ಮುದುಕರ ತಂಡದಲ್ಲಿ ಒಬ್ಬ ಕಮ್ಮಿ. ಸೀಬ್ರೆನ್ ಸೊಂಟ ಹಿಡ್ಕೊಂಡು ಮಲಗಿದಾನೆ.”

“ಅಕ್ಕಾ, ನಾನು ಕೋಲು ಮುಟ್ಟಿ ಯಾವ ಕಾಲ ಆಯ್ತು! ಅಂಕಣ ಬೇರೆ ಮುಗಿಸ್ಬೇಕು ಕಣೇ.”

ಫ್ರೌಕ್ಯೆ ಬಗ್ಗಿ ಪರದೆ ನೋಡಿದಳು. “ಬರೆದಿರೋದು ಎರಡು ಪದ. ಅದೂ ಹೋದ ವಾರದ್ದೇ.”

ಡೌವೆ ಎದ್ದು ಶೂ ಹಾಕಿಕೊಂಡ.

ಕಾಲುವೆಯ ದಂಡೆಯಲ್ಲಿ ಊರೇ ನೆರೆದಿತ್ತು. ನೀರಿನ ನಡುವೆ ಊರಿ ಈ ದಡದತ್ತ ವಾಲಿಸಿದ ಉದ್ದನೆಯ ಕೋಲಿಗೆ ಓಡಿಬಂದು ಜಿಗಿದು, ಅದು ಆಚೆಗೆ ವಾಲುವಷ್ಟರಲ್ಲಿ ಸರಸರನೆ ಮೇಲೇರಿ, ಎದುರಿನ ಮರಳಿಗೆ ಹಾರಬೇಕು. ಹುಡುಗನಾಗಿದ್ದಾಗ ಡೌವೆ ಇದನ್ನು ಕೋತಿಯಂತೆ ಮಾಡುತ್ತಿದ್ದ.

“ಹೊಟ್ಟೆ ಒಳಗೆ ಎಳ್ಕೊಳೋ!” ಎಂದು ಫ್ರೌಕ್ಯೆ ಕೂಗಿದಳು.

ಓಡಿದ, ಜಿಗಿದ, ಕೋಲು ಅಪ್ಪಿಕೊಂಡ. ಕೋಲು ಮೆಲ್ಲಗೆ ಎದ್ದು ಕಾಲುವೆಯ ನಟ್ಟನಡುವೆ ನೆಟ್ಟಗೆ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಜನ ಉಸಿರು ಬಿಗಿಹಿಡಿದರು. ಮೇಲಿಂದ ಡೌವೆಗೆ ಇಗರ್ಜಿಯ ಗೋಪುರ ಕಂಡಿತು, ಬೇಲಿಯ ಬಳಿ ತಲೆಯೆತ್ತಿ ಅವನನ್ನೇ ನೋಡುತ್ತಿದ್ದ ಫ್ರೌಕ್ಯೆಯ ಹಸುಗಳು ಕಂಡವು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ ಅಕ್ಕ ಕಂಡಳು. ಕೋಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗತೊಡಗಿತು.

ದಂಡೆಯಿಂದ ಯಾರೋ ಅರಚಿದರು: “ಎಡಾನೋ ಬಲಾನೋ, ಬೇಗ ತೀರ್ಮಾನ ಮಾಡಪ್ಪ! ನೀನೇನು ಹೇಗ್‌ನಲ್ಲಿದ್ದೀಯಾ?”

ಡೌವೆಗೆ ನಗು ಬಂತು. ಹೊಟ್ಟೆಯಿಂದೆದ್ದ ನಗು ತೋಳಿಗಿಳಿಯಿತು, ಹಿಡಿತ ಸಡಿಲವಾಯಿತು. ನಗುತ್ತಲೇ ಜಾರಿದ, ನಗುತ್ತಲೇ ಧುಪ್ಪೆಂದು ನೀರಿಗೆ ಬಿದ್ದ. ತಲೆಯ ಮೇಲೆ ಪಾಚಿ ಹೊತ್ತು ಎದ್ದಾಗಲೂ ನಗು ನಿಂತಿರಲಿಲ್ಲ. ಅವನನ್ನು ಎಳೆಯಲು ಬಂದ ಇಬ್ಬರೂ ನಕ್ಕು ನಕ್ಕು ಕಾಲು ಜಾರಿ ಅವನ ಪಕ್ಕಕ್ಕೇ ಬಂದು ಬಿದ್ದರು.

ದಂಡೆಗೆ ಹತ್ತುತ್ತಿದ್ದಂತೆ ಫ್ರೌಕ್ಯೆ ಅವನ ಫೋನು ಕೈಗಿಟ್ಟಳು. ಆ ಕಡೆ ಸಂಪಾದಕಿ ಯೆಲ್ಟ್ಯೆ.

“ಡೌವೆ, ಅಂಕಣ ಎಲ್ಲಿ? ಏನದು ಗಲಾಟೆ? ಯಾರಾದ್ರೂ ಬಿದ್ರಾ?”

“ನಾನೇ ಬಿದ್ದೆ!”

“ಅಯ್ಯೋ, ಪೆಟ್ಟಾಯ್ತಾ?”

“ಇಲ್ಲ ಯೆಲ್ಟ್ಯೆ. ಎಷ್ಟು ಚೆನ್ನಾಗಿ ಬಿದ್ದೆ ಅಂದ್ರೆ, ಇನ್ನೊಂದ್ಸಲ ಬೀಳೋಕೆ ಹೋಗ್ತಿದೀನಿ. ಅದನ್ನೇ ಬರೀತೀನಿ, ಬೇಡ ಅಂದ್ರೆ ಜಾಗ ಖಾಲಿ ಬಿಡಿ.”

ಎರಡನೇ ಸಲ ಕೋಲು ವಾಲಿತು. ಡೌವೆ ಆಚೆ ದಡದ ಮರಳಿನಲ್ಲಿ ಮಂಡಿಯೂರಿ ಬಿದ್ದ. ಹಿಮ್ಮಡಿ ಮಾತ್ರ ನೀರಿನಲ್ಲಿತ್ತು. ತಂಡಕ್ಕೆ ಕೊನೆಯ ಸ್ಥಾನ ಬಂತು. ಕಪ್ ಗೆದ್ದವರಿಗೂ ಆಗದಷ್ಟು ಸಂಭ್ರಮ ಇವರದು.

ಫ್ರೌಕ್ಯೆಯ ಅಡುಗೆಮನೆಯಲ್ಲಿ ಭಾವನ ಹಳೆಯ, ಮೊಣಕಾಲಿಗಷ್ಟೇ ಬರುವ ಪ್ಯಾಂಟು ತೊಟ್ಟು, ಒಂದು ಕೈಯಲ್ಲಿ ಸಕ್ಕರೆ ಬ್ರೆಡ್ಡು ಹಿಡಿದು ಡೌವೆ ಅಂಕಣ ಕುಟ್ಟಿದ. ಬೆರಳಿಗಿಂತ ಮೊದಲೇ ಮಾತು ಓಡುತ್ತಿತ್ತು. ಕಳಿಸಿದ ಸ್ವಲ್ಪ ಹೊತ್ತಿಗೆ ಯೆಲ್ಟ್ಯೆಯ ಉತ್ತರ ಬಂತು: “ಒಬ್ಬ ಮಂತ್ರಿಯ ಹೆಸರೂ ಇಲ್ವಲ್ಲ! ಹಸುಗಳದ್ದು ಇನ್ನೊಂದು ಸಾಲು ಸೇರಿಸಿ.”

ಡೌವೆ ಕಿಟಕಿಯಾಚೆ ತಲೆ ಹಾಕಿ ಕೂಗಿದ: “ಅಕ್ಕಾ, ಬೇಲಿ ಹತ್ರ ನನ್ನನ್ನೇ ದುರುಗುಟ್ಟಿ ನೋಡ್ತಿದ್ದಳಲ್ಲ, ಅವಳ ಹೆಸರೇನೇ?”