ಹತ್ತೊಂಬತ್ತು ವರ್ಷದ ಮಬ್ರೂಕ್

ಬೆಳಗಿನ ಪುದೀನಾ ಚಹಾ ಆರುತ್ತಿತ್ತು. ಹಮ್ಮಾದಿ ಲೋಟ ಮುಟ್ಟದೆ, ಅಂಗಳದ ಗೂಟಕ್ಕೆ ಕಟ್ಟಿದ್ದ ಕುದುರೆಯನ್ನೇ ನೋಡುತ್ತ ಕುಳಿತಿದ್ದ. ಮಬ್ರೂಕನಿಗೆ ಹತ್ತೊಂಬತ್ತು ವರ್ಷ. ಎರಡು ವರ್ಷಗಳಿಂದ ಜೀನು ಕಂಡಿರಲಿಲ್ಲ. ಬೆನ್ನು ಜಗ್ಗಿತ್ತು, ಕಣ್ಣಿನ ಮೇಲೆ ಗುಳಿ ಬಿದ್ದಿತ್ತು.

ಹಮ್ಮಾದಿಯ ಎಳೆಯ ಕುದುರೆ ಹಿಂದಿನ ವಾರ ಕಾಲುವೆಗೆ ಜಾರಿ ಕಾಲು ಉಳುಕಿಸಿಕೊಂಡಿತ್ತು. ದುಕ್ಕಾಲಾ ಬಯಲಿನ ಉತ್ಸವಕ್ಕೆ ಇನ್ನು ಮೂರೇ ವಾರ. ಅಲ್ಲಿ ಹದಿನೈದು ಸವಾರರು ಒಂದೇ ಸಾಲಿನಲ್ಲಿ ದೌಡಾಯಿಸಿ, ಮುಖಂಡನ ಕೂಗಿಗೆ ಕೋವಿಗಳನ್ನು ಒಂದೇ ಸದ್ದಾಗುವಂತೆ ಹಾರಿಸಬೇಕು. ಇಪ್ಪತ್ತೆರಡು ವರ್ಷಗಳಿಂದ ಆ ಕೂಗು ಹಮ್ಮಾದಿಯದು.

ಹೆಂಡತಿಯ ತಮ್ಮ ಜೀಲಾಲಿ ಬಂದವನು ನಿಂತೇ ಹೇಳಿದ: "ಭಾವ, ಮಬ್ರೂಕನಿಗೆ ಜೀನು ಹಾಕಿ. ಹಳೇ ಹುಲಿ ಅವನು."

"ಲಾಳ ಹೊಡಿಯೋ ಸಲ್ಲಾಮ ಬೇಡ ಅಂದಿದ್ದಾನೆ. ಮೊದಲು ಹಲ್ಲು, ಗೊರಸು ನೋಡಿಸ್ಬೇಕಂತೆ. ತಿಂಗಳುಗಟ್ಟಲೆ ಬರೀ ಕೈಯಲ್ಲಿ ಹಿಡ್ಕೊಂಡು ನಡೆಸ್ಬೇಕಂತೆ."

"ಅಷ್ಟು ಹೊತ್ತು ಎಲ್ಲಿದೆ? ಹದಿನಾಲ್ಕು ಜನ ವರ್ಷವಿಡೀ ಕಾದಿದ್ದೀವಿ. ನೀವಿಲ್ದೆ ಯಾರ ಕೂಗಿಗೆ ಕೋವಿ ಹಾರಿಸೋದು, ಹೇಳಿ?" ಜೀಲಾಲಿ ಜೇಬಿನಿಂದ ಪೊಟ್ಟಣ ತೆಗೆದ. "ನೋವಿನ ಪುಡಿ. ಬಾರ್ಲಿಯಲ್ಲಿ ಕಲಸಿ ಕೊಡಿ. ಎಲ್ರೂ ಕೊಡ್ತಾರೆ."

ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಇಜ್ಜಾ ತಲೆಯೆತ್ತಿದಳು. "ಮೂಕ ಪ್ರಾಣಿಗೆ ಅದೇನೋ ತಿನ್ನಿಸೋದು?"

"ಅಕ್ಕಾ, ಭಾವನೂ ಮಂಡಿನೋವಿಗೆ ಮಾತ್ರೆ ನುಂಗೇ ಕುದುರೆ ಹತ್ತೋದು. ಅವರಿಗೇನಾಗಿದೆ?"

"ಮಾರನೇ ದಿನ ಮೆಟ್ಟಿಲು ಹತ್ತುವಾಗ ಬಂದು ನೋಡು, ಏನಾಗಿದೆ ಅಂತ."

ಹಮ್ಮಾದಿ ಪೊಟ್ಟಣವನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

ಶುಕ್ರವಾರದ ತಾಲೀಮಿಗೆ ಮುಂಚೆ ಅವನು ಪುಡಿ ತಿನ್ನಿಸಿದ. ಮಬ್ರೂಕ್ ಎಂಟು ವರ್ಷದ ಕುದುರೆಯ ಹಾಗೆ ಓಡಿದ. ಸಾಲು ಒಂದಿಷ್ಟೂ ಕೆಡಲಿಲ್ಲ. ಸವಾರರು ಕೇಕೆ ಹಾಕಿದರು. ಹಮ್ಮಾದಿಯ ಕಣ್ಣೂ ತುಂಬಿತ್ತು.

ಮರುದಿನ ಕುದುರೆಯ ಮುಂಗಾಲು ಊದಿ ಬಿಸಿಯಾಗಿತ್ತು. ನೆಲಕ್ಕೆ ಊರಲಾಗದೆ ಮೂರು ಕಾಲಿನ ಮೇಲೆ ನಿಂತಿತ್ತು. ಒರೆಸಿಡಲೆಂದು ಹಮ್ಮಾದಿ ಜೀನನ್ನು ಹೊರಗೆ ತಂದ. ಅದನ್ನು ಕಂಡದ್ದೇ ಮಬ್ರೂಕ್ ಕುಂಟುತ್ತ ಒಂದು ಹೆಜ್ಜೆ ಮುಂದೆ ಬಂದು, ಬೆನ್ನು ಒಡ್ಡಿ ನಿಂತ.

ಹಮ್ಮಾದಿ ಜೀನು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟ.

"ಅವನಿಗಿದ್ದದ್ದು ಅದೊಂದೇ ಬಾಯಿ ಕಣೇ, ನೋವು," ಎಂದ ಇಜ್ಜಾಳಿಗೆ. "ನಾನು ಅದನ್ನೂ ಕಟ್ಟಿಬಿಟ್ಟೆ."

ಅಂದು ಸಂಜೆಯೇ ಜೀಲಾಲಿಯ ಮನೆಗೆ ಹೋದ. "ಈ ಸಲ ಕೂಗು ನಿನ್ನದು."

"ನನ್ನ ಕೂಗು ಯಾರು ಕೇಳ್ತಾರೆ ಭಾವ? ಕೋವಿ ಹಿಂದೆಮುಂದೆ ಹಾರಿದ್ರೆ ಜನ ನಗ್ತಾರೆ!"

"ನಗ್ಲಿ ಬಿಡು. ನನ್ನ ಮೊದಲ ವರ್ಷವೂ ನಕ್ಕಿದ್ರು."

ಉತ್ಸವದಲ್ಲಿ ಜನ ನಕ್ಕರು. ಹದಿನಾಲ್ಕು ಕೋವಿಗಳು ಹುರಿಯುವ ಜೋಳದಂತೆ ಚಟಪಟಗುಟ್ಟಿದವು. ಜೀಲಾಲಿ ಎರಡು ತಿಂಗಳು ಅಕ್ಕನ ಮನೆಯ ಕಡೆ ತಲೆಹಾಕಲಿಲ್ಲ.

ಕಾಲಿನ ಊತ ಇಳಿಯುವಷ್ಟರಲ್ಲಿ ಮಳೆ ಬಂದಿತ್ತು. ಸಲ್ಲಾಮ ಕುದುರೆಯ ಹಲ್ಲು ಉಜ್ಜಿ ಸಮ ಮಾಡಿದ, ಗೊರಸು ಕೆತ್ತಿದ. ಹಮ್ಮಾದಿ ದಿನಾ ಹಗ್ಗ ಹಿಡಿದು ಮೆತ್ತನೆಯ ಹೊಲದಂಚಿನಲ್ಲಿ ಅದನ್ನು ನಡೆಸಿದ. ಮೊದಲು ಬಾವಿಯವರೆಗೆ, ಆಮೇಲೆ ಆಲಿವ್ ತೋಪಿನವರೆಗೆ. ಕೆಲವು ದಿನ ಇಬ್ಬರಿಗೂ ಬೇಡವಾಗುತ್ತಿತ್ತು, ಅರ್ಧದಿಂದಲೇ ಹಿಂದಿರುಗುತ್ತಿದ್ದರು. ಇಜ್ಜಾ ಜೀನಿನ ಅಡಿಗೆ ಉಣ್ಣೆ ತುಂಬಿ ಹೊಸ ಮೆತ್ತೆ ಹೊಲಿದಳು.

ಬಾರ್ಲಿ ತೆನೆ ಹೊಡೆಯುವ ಹೊತ್ತಿಗೆ ಹಮ್ಮಾದಿ ಮಬ್ರೂಕನನ್ನು ಹತ್ತಿ ಸಂತೆಗೆ ಹೊರಟ. ಬರೀ ನಡಿಗೆ. ಹಿಂದಿನಿಂದ ಜೀಲಾಲಿ ಕುದುರೆ ಓಡಿಸಿಕೊಂಡು ಬಂದ.

"ಭಾವ, ನೀವು ತಲುಪೋ ಹೊತ್ತಿಗೆ ಸಂತೆ ಮುಗಿದಿರುತ್ತೆ!"

"ನೀನು ಮುಂದೆ ಹೋಗಿ ನಮಗೊಂದು ಜಾಗ ಹಿಡಿ."

ಏರು ಬಂತು. ಮಬ್ರೂಕನ ಹೆಜ್ಜೆ ನಿಧಾನವಾಯಿತು. ಹಮ್ಮಾದಿ ಮಂಡಿ ಹಿಡಿದುಕೊಂಡು ಇಳಿದ, ಜೀನಿನ ಪಟ್ಟಿ ಸಡಿಲಿಸಿದ, ಪಕ್ಕದಲ್ಲೇ ನಡೆಯತೊಡಗಿದ. ಜೀಲಾಲಿ ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ. ಅವನ ಕುದುರೆಯ ಕುತ್ತಿಗೆಯೆಲ್ಲ ಬೆವರಿನ ನೊರೆ. ಅವನೂ ಇಳಿದ. ಇಬ್ಬರೂ ಜೊತೆಯಾಗಿ ಏರು ಹತ್ತಿದರು.

"ಭಾವ," ಎಂದ ಜೀಲಾಲಿ ಏರಿನ ತುದಿಯಲ್ಲಿ, "ಸಲ್ಲಾಮ ಇವತ್ತು ಸಂತೆಗೆ ಬರ್ತಾನಾ? ನನ್ನ ಕುದುರೆಯ ಗೊರಸೂ ಸ್ವಲ್ಪ ತೋರಿಸ್ಬೇಕಿತ್ತು."